ಲೋಕಯ್ಯನ ಮೂರು ನಿಮಿಷ

ಭಾನುವಾರ ಬೆಳಿಗ್ಗೆ ಕುದ್ರೋಳಿಯ ತಮ್ಮ ಪುಟ್ಟ ಮನೆಯಲ್ಲಿ ದೀಕ್ಷಿತಾ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಕುಳಿತಳು, ಎದ್ದಳು, ನೀರು ಕುಡಿದಳು, ಮತ್ತೆ ಕುಳಿತಳು. ಹೀಗೆ ನಾಲ್ಕು ಸಲವಾಯಿತು. ಅಡುಗೆಮನೆಯಲ್ಲಿ ಬೂತಾಯಿ ಮೀನು ಹುರಿಯುತ್ತಿದ್ದ ತಾಯಿ ದೇಯಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಎಂತ, ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆ ಸರಿ ಉಂಟು ಅಮ್ಮ. ಇವತ್ತು ಪೋಯಿಯನ್ನು ಬಿಡ್ತೇನೆ."

"ಬಿಡು. ಅದಕ್ಕೆ ಇಷ್ಟು ನೀರು ಯಾಕೆ ಕುಡಿಯೋದು?" ಎಂದು ದೇಯಿ ಒಳಗೆ ಹೋದರು. ಎಣ್ಣೆಗೆ ಬಿದ್ದ ಮೀನು ಯಾರಿಗೂ ಕಾಯುವುದಿಲ್ಲ.

ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ ಎಂದು. ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರು ಬಸ್ಸಿನ ಮೈಗೆ ಎರಡೇಟು ಬಡಿದು "ರೈಟ್ ಪೋಯಿ" ಎಂದರೆ ಮಾತ್ರ ಚಕ್ರ ಉರುಳುವುದು. ಬಿಜೈಯ ಸಣ್ಣ ಕಂಪೆನಿಯೊಂದರಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ದೀಕ್ಷಿತಾ, ಎಂಟು ತಿಂಗಳ ರಜಾದಿನಗಳನ್ನೆಲ್ಲ ಸುರಿದು ತಾನಾಗಿ ಮಾಡಿದ ಪ್ರೋಗ್ರಾಮಿಗೆ ಆ ಹೆಸರಿಟ್ಟಿದ್ದಳು. ಅದಕ್ಕೆ ಬಣ್ಣದ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಪೋಯಿ ಎಂದು ಟೈಪಿಸಿ, ಬಸ್ಸುಗಳ ಸಮಯ ಬರೆದ ಫೈಲಿನ ಹೆಸರು ಕೊಟ್ಟರೆ ಸಾಕು. ಯಾವ ಬಸ್ಸು ಎಲ್ಲಿ ತಡವಾಯಿತು, ಯಾವ ಎರಡು ಬಸ್ಸುಗಳು ಒಂದೇ ನಿಮಿಷದಲ್ಲಿ ಒಂದೇ ಸ್ಟಾಪಿಗೆ ಬಂದು ಮೂತಿ ತಿಕ್ಕಿದವು ಎಂದು ಅದು ಸಾಲುಸಾಲಾಗಿ ಹೇಳುತ್ತಿತ್ತು. ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡನ್ನು ಓದಬಹುದು, ತಿದ್ದಬಹುದು. ಕಾಸು ಕೊಡಬೇಕಾಗಿಲ್ಲ.

ಆ ಪ್ರೋಗ್ರಾಮಿನ ಬುದ್ಧಿ ಮಾತ್ರ ಅವಳದ್ದಲ್ಲ, ಅಪ್ಪನದ್ದು. ಲೋಕಯ್ಯ ಬಂದರಿನ ಹತ್ತಿರದ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷಗಳಿಂದ ಟೈಮ್‌ಕೀಪರ್. ಒಂದು ಮರದ ಸ್ಟೂಲು, ಒಂದು ಕಡು ನೀಲಿ ರಟ್ಟಿನ ಪುಸ್ತಕ, ಕಿವಿಗೆ ಸಿಕ್ಕಿಸಿದ ಪೆನ್ನು. ಇಷ್ಟೇ ಅವರ ಆಫೀಸು. ಹೊರಡುವ ಪ್ರತಿ ಬಸ್ಸಿನ ನಂಬರು ಮತ್ತು ನಿಮಿಷ ಆ ಪುಸ್ತಕಕ್ಕೆ ಬೀಳಬೇಕು. ಈ ಊರಿನ ಖಾಸಗಿ ಬಸ್ಸುಗಳ ನಡುವೆ ಒಂದು ನಿಮಿಷಕ್ಕೆ ಎಂಥ ಜಗಳಗಳು ನಡೆಯುತ್ತವೆ ಎಂದು ನೋಡಿದವರಿಗೇ ಗೊತ್ತು. ಮುಂದಿನವನು ಒಂದು ನಿಮಿಷ ತಡ ಮಾಡಿದರೆ ಹಿಂದಿನವನ ಪ್ರಯಾಣಿಕರು ಅವನ ಬಸ್ಸಿಗೆ ಹತ್ತುತ್ತಾರೆ. ಆಮೇಲೆ ಇಬ್ಬರೂ ರಸ್ತೆಯ ಮೇಲೆ ಜಿದ್ದಿಗೆ ಬಿದ್ದು ಓಡಿಸುತ್ತಾರೆ, ಒಳಗಿದ್ದವರು ಕಂಬಿ ಹಿಡಿದುಕೊಂಡು ದೇವರನ್ನು ನೆನೆಯುತ್ತಾರೆ. ಜಗಳ ಬಿಡಿಸಲು ಎಲ್ಲರೂ ಓಡಿ ಬರುವುದು ಲೋಕಯ್ಯನ ಪುಸ್ತಕದ ಹತ್ತಿರಕ್ಕೆ. ಅದರಲ್ಲಿ ಬರೆದದ್ದೇ ತೀರ್ಪು, ಅದರ ಮೇಲೆ ಯಾರೂ ಉಸಿರೆತ್ತುವ ಹಾಗಿಲ್ಲ.

ಇಂಥ ಪುಸ್ತಕದ ಒಂದು ವಾರವನ್ನು, ನಾಲ್ಕು ನೂರ ಹನ್ನೆರಡು ಟ್ರಿಪ್ಪುಗಳನ್ನು, ದೀಕ್ಷಿತಾ ಕೈಯಾರೆ ಟೈಪು ಮಾಡಿ ಪೋಯಿಯ ಜೊತೆಗೆ ಮಾದರಿಯಾಗಿ ಇಟ್ಟಿದ್ದಳು. ಶನಿವಾರ ಸಂಜೆ ಒಂದು ಉಮೇದು ಬಂದು, ಹಂಪನಕಟ್ಟೆಯ ಟೈಮ್‌ಕೀಪರ್ ರಾಫೆಲ್ ಅವರ ಪುಸ್ತಕದ ಅದೇ ವಾರವನ್ನೂ ಸೇರಿಸಿದಳು. ಒಂದು ಪುಸ್ತಕದಲ್ಲಿ ಬಸ್ಸು ಹೊರಟ ಹೊತ್ತು, ಇನ್ನೊಂದರಲ್ಲಿ ಮುಂದಿನ ಸ್ಟಾಪಾದ ಹಂಪನಕಟ್ಟೆಗೆ ಮುಟ್ಟಿದ ಹೊತ್ತು. ಎರಡನ್ನೂ ಜೋಡಿಸಿ ನೋಡುವ ಸೌಕರ್ಯ ಪೋಯಿಯಲ್ಲಿತ್ತು. ತಾನೇ ಕಟ್ಟಿದ ಹತ್ತು ಸಾಲಿನ ಉದಾಹರಣೆಯಲ್ಲಿ ಅದು ಚೆನ್ನಾಗಿಯೇ ನಡೆದಿದ್ದರಿಂದ ಈ ನಿಜವಾದ ಪುಸ್ತಕಗಳ ಮೇಲೆ ಓಡಿಸಿ ನೋಡುವ ಗೋಜಿಗೆ ಅವಳು ಹೋಗಲಿಲ್ಲ. ಉಮೇದಿನಲ್ಲಿರುವವರು ಮಾಡುವ ಕೆಲಸವೇ ಅದು. ಫೈಲಿನ ತಲೆಯಲ್ಲಿ "ಸಮಯ ದಾಖಲೆ: ಲೋಕಯ್ಯ, ಟೈಮ್‌ಕೀಪರ್, ಮಂಗಳೂರು" ಎಂದು ಬರೆದು, ಅದರ ಕೆಳಗೆ ರಾಫೆಲ್ ಅವರ ಹೆಸರನ್ನೂ ಹಾಕಿ, ಎರಡೆರಡು ಸಲ ಓದಿ ಸಂತೋಷಪಟ್ಟಿದ್ದಳು.

ಈಗ ಉಳಿದದ್ದು ಒಂದೇ ಸಾಲು. ಪೈಥಾನ್ ಬಳಸುವವರೆಲ್ಲ ತಮ್ಮ ಪ್ಯಾಕೇಜುಗಳನ್ನು ತಂದಿಡುವ, ಜಗತ್ತಿನ ಯಾವ ಮೂಲೆಯಿಂದಲೂ ಇಳಿಸಿಕೊಳ್ಳಬಹುದಾದ ಸಾರ್ವಜನಿಕ ಭಂಡಾರಕ್ಕೆ ಪೋಯಿಯನ್ನು ಏರಿಸುವ ಸಾಲು. ಖಾತೆ ತೆರೆದಾಗಿತ್ತು, ಗುಪ್ತ ಸಂಖ್ಯೆ ಸಿಕ್ಕಿತ್ತು, ಪೋಯಿ ಎಂಬ ಹೆಸರನ್ನು ಯಾರೂ ಹಿಡಿದಿರಲಿಲ್ಲ. ದೀಕ್ಷಿತಾ ಕಣ್ಣು ಮುಚ್ಚಿ ಎಂಟರ್ ಒತ್ತಿದಳು. ಪರದೆಯಲ್ಲಿ ಹಸಿರು ಪಟ್ಟಿ ಸರಸರನೆ ತುಂಬಿತು. ಕೊನೆಯಲ್ಲಿ ಒಂದು ವಿಳಾಸ ಮೂಡಿತು. ತೆರೆದರೆ ಇಡೀ ಪುಟ: ಪೋಯಿ, ಆವೃತ್ತಿ 0.1.0.

"ಅಮ್ಮಾ!" ಎಂದು ಅವಳು ಕೂಗಿದ ರಭಸಕ್ಕೆ ಪಕ್ಕದ ಮನೆಯ ಕಿಟಕಿಯೂ ತೆರೆಯಿತು.

ಕೂಡಲೇ ಅಪ್ಪನಿಗೆ ಫೋನು ಹೋಯಿತು. ಲೋಕಯ್ಯ ಭಾನುವಾರವೂ ಡ್ಯೂಟಿಯಲ್ಲಿದ್ದರು.

"ಅಪ್ಪ, ಹೋಯ್ತು! ಪೋಯಿ ಹೋಯ್ತು!"

"ಎಷ್ಟು ಗಂಟೆಗೆ ಹೊರಟಿತು?"

ದೀಕ್ಷಿತಾ ನಕ್ಕಳು. ಹುಟ್ಟಿದ ಮಗುವಿನ ಸುದ್ದಿ ಹೇಳಿದರೂ ಈ ಮನುಷ್ಯ ಮೊದಲು ಕೇಳುವುದು ಇದನ್ನೇ. ಲ್ಯಾಪ್‌ಟಾಪಿನ ಮೂಲೆ ನೋಡಿ, "ಹತ್ತೂ ಹದಿನೇಳು," ಎಂದಳು.

"ಆಯ್ತು, ಬರೀತೇನೆ," ಎಂದರು ಲೋಕಯ್ಯ. ಆಚೆ ಕಡೆಯಲ್ಲಿ ಅವರು ಯಾರಿಗೋ, "ನನ್ನ ಬುಕ್ಕು ವರ್ಲ್ಡಿಗೆ ಹೋಯ್ತು ಮಾರಾಯ," ಎನ್ನುವುದು ಕೇಳಿಸಿತು. ಒಂದು ವಾರದಿಂದ ಅವರು ಸ್ಟ್ಯಾಂಡಿನಲ್ಲಿ ಡಂಗುರ ಹೊಡೆದದ್ದೇ ಹೊಡೆದದ್ದು. ತೊಕ್ಕೊಟ್ಟಿನ ಬಸ್ಸಿನ ಡ್ರೈವರಿನಿಂದ ಹಿಡಿದು ಕಡಲೆ ಮಾರುವವನವರೆಗೆ ಎಲ್ಲರಿಗೂ ವಿಷಯ ಗೊತ್ತಿತ್ತು.

ಮುಂದಿನ ಎರಡು ಗಂಟೆ ದೀಕ್ಷಿತಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರು ಪ್ರೋಗ್ರಾಮಿಂಗ್ ಗುಂಪುಗಳಲ್ಲಿ ವಿಳಾಸ ಹಾಕಿದಳು. ಆಫೀಸಿನ ಗೆಳತಿ ಮೆಲಿಸಾ ತನ್ನ ಯಂತ್ರದಲ್ಲಿ ಇಳಿಸಿಕೊಂಡು, "ಓಡ್ತಾ ಉಂಟು ಮಾರಾಯ್ತಿ!" ಎಂದು ಫೋಟೋ ಕಳಿಸಿದಳು. ಪೋಯಿಯ ಕೋಡು ಇಟ್ಟಿದ್ದ ಪುಟದಲ್ಲಿ ಒಬ್ಬ ಅಪರಿಚಿತ ಮೆಚ್ಚುಗೆಯ ನಕ್ಷತ್ರ ಒತ್ತಿದ. ಆಮೇಲೆ ಇನ್ನಿಬ್ಬರು. ಪ್ರತಿ ನಕ್ಷತ್ರಕ್ಕೂ ಅವಳು ಅಡುಗೆಮನೆಗೆ ಓಡಿದಳು, ಪ್ರತಿ ಸಲ ಒಂದು ಬೂತಾಯಿ ತಿಂದಳು.

ಹನ್ನೆರಡೂವರೆಗೆ ಪೋಯಿಯ ಪುಟದಲ್ಲಿ ಮೊದಲನೆಯ ದೂರು ಬಂತು. ಬರೆದವನು ದೂರದ ಕಂಪಾಲಾ ನಗರದ ಓಕೆಲ್ಲೊ. ತನ್ನ ಊರಿನ ಬಾಡಿಗೆ ವ್ಯಾನುಗಳ ಓಡಾಟವನ್ನು ಲೆಕ್ಕ ಹಾಕಲು ಇಂಥದ್ದೊಂದನ್ನು ಬಹಳ ಕಾಲದಿಂದ ಹುಡುಕುತ್ತಿದ್ದೆ, ತುಂಬ ಚೆನ್ನಾಗಿದೆ ಎಂದು ಶುರು ಮಾಡಿದ್ದ. ದೀಕ್ಷಿತಾ ಉಬ್ಬಿ ಹೋದಳು. ಮುಂದಿನ ಸಾಲಿಗೆ ಬಂದಾಗ ಕೈಯಲ್ಲಿದ್ದ ಬೂತಾಯಿಯನ್ನು ತಟ್ಟೆಗಿಟ್ಟಳು.

"ಆದರೆ ಮಾದರಿ ಫೈಲುಗಳಲ್ಲಿ ತೊಂದರೆ ಇದೆ. ಎರಡನ್ನೂ ಜೋಡಿಸಿ ನೋಡಿದರೆ ಇನ್ನೂರಕ್ಕೂ ಹೆಚ್ಚು ಟ್ರಿಪ್ಪುಗಳಲ್ಲಿ ಬಸ್ಸು ಹೊರಡುವ ಮೊದಲೇ ಮುಂದಿನ ಸ್ಟಾಪಿಗೆ ಮುಟ್ಟಿದೆ. ಇದು ಸಾಧ್ಯವಿಲ್ಲ. ಎರಡರಲ್ಲಿ ಒಂದನ್ನು ಯಾರೋ ಕೂತಲ್ಲೇ ಕಲ್ಪಿಸಿ ತುಂಬಿಸಿದ್ದಾರೆ. ಮೊದಲನೆಯದೇ ಇರಬೇಕು. ಅದರಲ್ಲಿ ಹೆಚ್ಚು ಕಡಿಮೆ ಎಲ್ಲ ಬಸ್ಸುಗಳೂ ಹೊತ್ತಿಗೆ ಸರಿಯಾಗಿ ಹೊರಟಿವೆ. ಯಾವ ಊರಿನಲ್ಲೂ ಹಾಗೆ ಆಗುವುದನ್ನು ನಾನು ನೋಡಿಲ್ಲ. ದಯವಿಟ್ಟು ಅದನ್ನು ತೆಗೆದುಹಾಕಿ."

ಮೊದಲನೆಯದು ಎಂದರೆ ಅಪ್ಪನ ಪುಸ್ತಕ.

ಅವಳು ತಾನೇ ಓಡಿಸಿ ನೋಡಿದಳು. ಕಪ್ಪು ಪರದೆಯ ತುಂಬ ಕೆಂಪು ಸಾಲುಗಳು. ಸ್ಟ್ಯಾಂಡಿನಿಂದ 8.13ಕ್ಕೆ ಹೊರಟ ಬಸ್ಸು ಹಂಪನಕಟ್ಟೆಗೆ 8.12ಕ್ಕೆ ಬಂದಿತ್ತು. 8.20ಕ್ಕೆ ಹೊರಟದ್ದು 8.19ಕ್ಕೆ. ದೀಕ್ಷಿತಾ ತನ್ನ ಕೋಡನ್ನು ಬುಡದಿಂದ ತುದಿಯವರೆಗೆ ಜಾಲಾಡಿದಳು. ಟೈಪು ಮಾಡಿದ ಅಂಕಿಗಳನ್ನು ಪುಸ್ತಕದ ಫೋಟೋಗಳ ಜೊತೆ ತಾಳೆ ನೋಡಿದಳು. ಒಂದು ಅಂಕಿಯೂ ತಪ್ಪಿರಲಿಲ್ಲ. ತಪ್ಪು ತನ್ನದಾಗಿರಲಿ ಎಂದು ಇಷ್ಟು ಶ್ರದ್ಧೆಯಿಂದ ಅವಳು ಎಂದೂ ಬೇಡಿಕೊಂಡಿರಲಿಲ್ಲ.

ಆಮೇಲೆ ಬಂದ ಯೋಚನೆ ಅವಳಿಗೇ ಹಿಡಿಸಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಮೊಣಕಾಲು ನೋವು ಬೇರೆ. ಬಿಸಿಲಲ್ಲಿ ಗೇಟಿನ ಹತ್ತಿರ ನಿಲ್ಲಲಾಗದೆ ಚಹಾದ ಅಂಗಡಿಯಲ್ಲಿ ಕೂತು ಅಂದಾಜಿಗೆ ಬರೆದಿರಬಹುದೇ? ಯೋಚನೆ ಬಂದ ಕೂಡಲೇ ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ಹೋಗಲಿಲ್ಲ.

ಇಡೀ ಪೋಯಿಯನ್ನೇ ಭಂಡಾರದಿಂದ ಅಳಿಸುವ ಗುಂಡಿ ಇತ್ತು. ಒತ್ತಿದರೆ ಪುಟ ಮಾಯವಾಗುತ್ತಿತ್ತು, ಆದರೆ 0.1.0 ಎಂಬ ಸಂಖ್ಯೆಯಲ್ಲಿ ಇನ್ನೆಂದೂ ಏನನ್ನೂ ಏರಿಸುವಂತಿರಲಿಲ್ಲ; ಆ ಭಂಡಾರದ ಕಾನೂನೇ ಹಾಗೆ. ಅಪ್ಪನ ಫೈಲನ್ನು ಮಾತ್ರ ತೆಗೆದು ಹೊಸ ಆವೃತ್ತಿ ಬಿಡುವುದು ಇನ್ನೂ ಸುಲಭ, ಐದು ನಿಮಿಷದ ಕೆಲಸ. ಓಕೆಲ್ಲೊ ಕೇಳಿದ್ದೂ ಅದನ್ನೇ. ಆದರೆ ಹಾಗೆ ತೆಗೆದರೆ, ಹೌದು, ಲೋಕಯ್ಯ ಸುಳ್ಳು ಬರೆದರು ಎಂದು ಮಗಳೇ ಜಗತ್ತಿಗೆ ಸಹಿ ಹಾಕಿ ಕೊಟ್ಟಂತೆ. ಮೂವತ್ತೊಂದು ವರ್ಷ ಯಾರೂ ಪ್ರಶ್ನಿಸದ ಪುಸ್ತಕಕ್ಕೆ ಎರಡೇ ಗಂಟೆಯಲ್ಲಿ ಈ ಗತಿ ತಂದವಳು ತಾನು. ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ, "ಸ್ಟ್ಯಾಂಡಿಗೆ ಹೋಗಿ ಬರ್ತೇನೆ," ಎಂದು ಕೂಗಿ, ಊಟವನ್ನೂ ಬಿಟ್ಟು ಹೊರಟಳು.

ಸ್ಟ್ಯಾಂಡಿನಲ್ಲಿ ಅವಳಿಗೆ ಸಿಕ್ಕಿದ್ದು ಮದುಮಗಳ ಸ್ವಾಗತ. ಚಹಾದ ಅಂಗಡಿಯ ಅಹ್ಮದ್ ಬಾವ ಗಲ್ಲಾ ಬಿಟ್ಟು ಎದ್ದು ಬಂದರು. ಲೋಕಯ್ಯ ಸ್ಟ್ಯಾಂಡಿಗೆ ಬಂದ ವರ್ಷವೇ ಅಂಗಡಿ ಇಟ್ಟವರು ಅವರು, ಇಬ್ಬರದ್ದೂ ಬಿಡಿಸಲಾಗದ ಗೆಳೆತನ.

"ಬಾ ಬಾ, ಇಂಜಿನಿಯರ್! ಎಷ್ಟು ದೇಶ ಆಯ್ತು?"

"ಬಾವಾಕ, ಸ್ವಲ್ಪ ಕೆಲಸ ಉಂಟು," ಎಂದು ಅವಳು ಮುಖ ತಪ್ಪಿಸಿದಳು.

ಲೋಕಯ್ಯ ಗೇಟಿನ ಹತ್ತಿರ ಬಿಸಿಲಲ್ಲೇ ನಿಂತಿದ್ದರು. ಒಂದು ಬಸ್ಸು ಹೊರಟಿತು. ಅವರು ಅದರ ನಂಬರು ನೋಡಿದರು, ಕತ್ತು ತಿರುಗಿಸಿ ಅಂಗಡಿಯ ಗೋಡೆಯ ಮೇಲಿದ್ದ ದೊಡ್ಡ ಗಡಿಯಾರ ನೋಡಿದರು, ಬರೆದರು. ಮುಂದಿನ ಬಸ್ಸು. ಮತ್ತೆ ಹಾಗೆಯೇ. ದೀಕ್ಷಿತಾ ಆರು ಬಸ್ಸುಗಳನ್ನು ಎಣಿಸುತ್ತ ನಿಂತಳು. ಒಂದರಲ್ಲೂ ಅಂದಾಜು ಇರಲಿಲ್ಲ. ಅವಳಿಗೆ ಅಳು ಬರುವಂತಾಯಿತು.

"ಎಂತ ಮಗಾ, ಮುಖ ಹೀಗೆ?" ಎಂದು ಲೋಕಯ್ಯ ಸ್ಟೂಲಿನ ಹತ್ತಿರ ಬಂದರು.

ಬೇರೆ ದಾರಿ ಇರಲಿಲ್ಲ. ಅವಳು ಓಕೆಲ್ಲೊ ಬರೆದದ್ದನ್ನು ಮೆಲ್ಲನೆ ಓದಿ, ಅರ್ಥ ಹೇಳಿದಳು. ಕೂತಲ್ಲೇ ತುಂಬಿಸಿದ್ದು ಎನ್ನುವಲ್ಲಿ ಅವಳ ದನಿ ಇಳಿಯಿತು. ಮೂವರು ಕಂಡಕ್ಟರುಗಳು ಹತ್ತಿರ ಬಂದು ಸುತ್ತ ಸೇರಿದರು. ಲೋಕಯ್ಯನ ಮುಖ ಕಪ್ಪಿಟ್ಟಿತು.

"ನೀನೂ ಹಾಗೆ ಗ್ರಹಿಸಿದ್ಯಾ?"

ಅವಳು ಅಪ್ಪನ ಮುಖ ನೋಡಲಾರದೆ ತಲೆ ತಗ್ಗಿಸಿದಳು.

ಲೋಕಯ್ಯ ಬೈಯಲಿಲ್ಲ. ಪುಸ್ತಕವನ್ನು ಅವಳ ಕೈಗೆ ಕೊಟ್ಟು, "ನೋಡು. ಎಲ್ಲಿ ಸುಳ್ಳು ಉಂಟು ತೋರಿಸು," ಎಂದರು. ಆ ತಣ್ಣಗಿನ ಮಾತಿಗಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು. ದೀಕ್ಷಿತಾ ಕಣ್ಣು ಮಂಜಾಗಿ ಹಾಳೆ ಮಗುಚುತ್ತ ಹೋದಳು. ಕೊನೆಯ ಹಾಳೆಯಲ್ಲಿ ಕೈ ನಿಂತಿತು. ಬಸ್ಸುಗಳಿಗೆ ಸೇರದ ಆ ಖಾಲಿ ಪುಟದಲ್ಲಿ ದುಂಡಗಿನ ಅಕ್ಷರಗಳ ಒಂದೇ ಸಾಲಿತ್ತು.

"ಪೋಯಿ. ಕುದ್ರೋಳಿಯಿಂದ ವರ್ಲ್ಡ್. ಭಾನುವಾರ. 10.20."

ಅವಳು ಅದನ್ನು ಎರಡು ಸಲ ಓದಿದಳು.

"ಅಪ್ಪ, ನಾನು ಹದಿನೇಳು ಅಂದದ್ದು."

"ಹೌದು."

"ಇಲ್ಲಿ ಇಪ್ಪತ್ತು ಉಂಟು."

"ಮತ್ತೆ? ಬುಕ್ಕಿನಲ್ಲಿ ಸ್ಟ್ಯಾಂಡ್ ಟೈಮ್ ಅಲ್ವಾ ಬರೆಯೋದು?" ಎಂದರು ಲೋಕಯ್ಯ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವವರ ಧಾಟಿಯಲ್ಲಿ.

ದೀಕ್ಷಿತಾ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಎರಡೂ ಮೂವತ್ತೊಂಬತ್ತು. ಫೋನು ನೋಡಿದಳು. ಎರಡೂ ಮೂವತ್ತಾರು.

"ಮೂರು ನಿಮಿಷ ಮುಂದೆ ಉಂಟು!" ಎಂದು ಅವಳು ಕಿರುಚಿಯೇ ಬಿಟ್ಟಳು.

"ಅದು ಯಾವಾಗಲೂ ಮುಂದೆಯೇ," ಎಂದರು ಅಹ್ಮದ್ ಬಾವ. "ಈ ಸ್ಟ್ಯಾಂಡಿನ ಟೈಮಿಂಗ್ ಶೀಟ್ ಮಾಡಿದ್ದು ಇದರ ಅಡಿಯಲ್ಲೇ ಕೂತು. ಆ ದಿನ ಗಡಿಯಾರ ಮೂರು ನಿಮಿಷ ಮುಂದೆ ಇತ್ತಂತೆ. ಗೊತ್ತಾದ್ದು ಆರು ತಿಂಗಳ ಮೇಲೆ. ಆಗ ಸರಿ ಮಾಡಿದ್ರೆ ಎಲ್ಲ ಬಸ್ಸಿನ ಟೈಮ್ ಬದಲಾಗಬೇಕು. ಅಷ್ಟು ಓನರ್‌ಗಳನ್ನು ಮತ್ತೆ ಒಟ್ಟು ಕೂರಿಸಿ ಜಗಳ ಮಾಡಿಸಲಿಕ್ಕೆ ಯಾರಿಗೆ ಹುಚ್ಚು? ಹಾಗೇ ಬಿಟ್ಟೆವು."

"ಬ್ಯಾಟರಿ ಹಾಕುವಾಗ ನಾನೇ ಸರಿಯಾಗಿ ಮೂರು ನಿಮಿಷ ಮುಂದೆ ಇಡ್ತೇನೆ," ಎಂದರು ಲೋಕಯ್ಯ. "ಒಂದು ಸೆಕೆಂಡೂ ಆಚೀಚೆ ಆಗಲಿಕ್ಕೆ ಬಿಡುವುದಿಲ್ಲ."

"ಹಾಗಾದ್ರೆ ರಾಫೆಲಂಕಲ್?"

"ರಾಫೆಲನದ್ದು ಫೋನಿನ ಟೈಮು. ಹೊರಗಿನ ಟೈಮು. ನಮ್ಮ ಬುಕ್ಕು, ಅವನ ಬುಕ್ಕು ಒಟ್ಟಿಗೆ ನೋಡುವಾಗ ಮೂರು ಕಳೀಬೇಕು. ಅದು ಎಲ್ಲರಿಗೂ ಗೊತ್ತುಂಟಲ್ಲ!"

ಕಂಡಕ್ಟರುಗಳು ತಲೆಯಾಡಿಸಿದರು. ಕಡಲೆ ಮಾರುವವನೂ ತಲೆಯಾಡಿಸಿದ. ಎಲ್ಲರಿಗೂ ಗೊತ್ತಿತ್ತು, ಪೋಯಿ ಬರೆದವಳೊಬ್ಬಳನ್ನು ಬಿಟ್ಟು. ಅವಳಿಗೆ ಮನೆಯ ಅಡುಗೆಮನೆಯ ಗಡಿಯಾರ ನೆನಪಾಯಿತು. ಅದು ಯಾವಾಗಲೂ ಮುಂದೆ ಓಡುತ್ತಿತ್ತು. ಅಗ್ಗದ ಗಡಿಯಾರ, ಇಷ್ಟೇ ಹಣೆಬರಹ ಎಂದು ಅವಳು ಅದನ್ನು ಎಷ್ಟು ಸಲ ಬೈದಿದ್ದಳು! ಅದನ್ನೂ ಅಪ್ಪನೇ ಇಟ್ಟದ್ದು. ಇಪ್ಪತ್ತು ವರ್ಷ ಸ್ಟ್ಯಾಂಡ್ ಟೈಮಿನಲ್ಲಿ ಎದ್ದು, ತಿಂದು, ಶಾಲೆಗೆ ಓಡಿದವಳಿಗೆ ತಾನು ಯಾವ ಟೈಮಿನಲ್ಲಿ ಬದುಕುತ್ತಿದ್ದೇನೆ ಎಂದೇ ತಿಳಿದಿರಲಿಲ್ಲ. ನಗು ಉಕ್ಕಿ ಬಂತು, ಅದರ ಜೊತೆಗೆ ಕಣ್ಣೀರೂ ಬಂತು. ಅವಳು ಎಲ್ಲರ ಎದುರಿಗೇ ಅಪ್ಪನ ತೋಳು ಹಿಡಿದು, "ತಪ್ಪಾಯ್ತು ಅಪ್ಪ," ಎಂದಳು.

"ಸಾಕು ಸಾಕು. ಬಸ್ಸು ಬಂತು," ಎಂದು ಲೋಕಯ್ಯ ಪುಸ್ತಕ ಕಿತ್ತುಕೊಂಡು ಗೇಟಿಗೆ ಹೋದರು. ಅವರಿಗೆ ಬರೆಯುವುದಿತ್ತು.

ಅಹ್ಮದ್ ಬಾವ ಒಂದು ಬೆಂಚು ಖಾಲಿ ಮಾಡಿಸಿದರು. ದೀಕ್ಷಿತಾ ಫೋನಿನಿಂದ ಇಂಟರ್ನೆಟ್ ಜೋಡಿಸಿ, ಗಡಿಯಾರದ ಅಡಿಯಲ್ಲೇ ಕೂತಳು. ಪೋಯಿಗೆ ಒಂದು ಹೊಸ ಆಯ್ಕೆ ಬೇಕಿತ್ತು: ಪ್ರತಿ ಪುಸ್ತಕಕ್ಕೂ ಅದರ ಗಡಿಯಾರ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಹೇಳುವ ಸೌಕರ್ಯ. ಕೋಡು ಬರೆಯಲು ಅರ್ಧ ಗಂಟೆ ಹಿಡಿಯಿತು. ಅದನ್ನು ಪರೀಕ್ಷಿಸಲು ಒಂದು ಗಂಟೆ ಹಿಡಿಯಿತು, ಯಾಕೆಂದರೆ ಈ ಸಲ ಉಮೇದಿಗೆ ಬಿಡದೆ ನಾಲ್ಕು ನೂರ ಹನ್ನೆರಡು ಸಾಲುಗಳನ್ನೂ ಓಡಿಸಿ ನೋಡಿದಳು. ಬೆನ್ನ ಹಿಂದೆ ಜನ ಸೇರುತ್ತಲೇ ಇದ್ದರು. ಹೊರಡಬೇಕಾದ ಡ್ರೈವರುಗಳನ್ನು ಲೋಕಯ್ಯ ಗದರಿಸಿ ಅಟ್ಟುತ್ತಿದ್ದರು. ಆ ದಿನವೂ ಒಂದು ಬಸ್ಸೂ ತಡವಾಗಲಿಲ್ಲ.

ಕೊನೆಗೆ ಅವಳು ಪೋಯಿಯನ್ನು ಓಡಿಸಿದಳು. ಮೊದಲನೆಯ ಪುಸ್ತಕ, ಮೂರು ನಿಮಿಷ ಮುಂದೆ. ಎರಡನೆಯದು, ಸೊನ್ನೆ. ಎಂಟರ್.

ಒಂದೂ ಕೆಂಪು ಸಾಲಿಲ್ಲ. ಸ್ಟ್ಯಾಂಡಿನಿಂದ ಹಂಪನಕಟ್ಟೆಗೆ ಎರಡು ನಿಮಿಷ, ಎರಡು ನಿಮಿಷ, ಮೂರು ನಿಮಿಷ, ಎರಡು ನಿಮಿಷ. ಕೊನೆಯಲ್ಲಿ ಒಂದೇ ಒಂದು ಹಳದಿ ಎಚ್ಚರಿಕೆ: ಸಂಜೆ 5.42ಕ್ಕೆ ಹಂಪನಕಟ್ಟೆಯಲ್ಲಿ ವಾರಕ್ಕೆ ನಾಲ್ಕು ಸಲ ಎರಡು ಬಸ್ಸುಗಳು ಒಂದೇ ನಿಮಿಷದಲ್ಲಿ.

"ಅದು ನಾನು ಹೇಳಿ ಹೇಳಿ ಸಾಕಾಯ್ತು!" ಎಂದು ಲೋಕಯ್ಯ ಹಿಂದಿನಿಂದ ಕೂಗಿದರು. "ಈಗ ಮಿಷನ್ ಹೇಳಿತಲ್ಲ. ಈಗಲಾದರೂ ನಂಬಿ!"

ಬೆಂಚು ಗದ್ದಲಕ್ಕೆ ಅಲುಗಾಡಿತು. ದೀಕ್ಷಿತಾ ಓಕೆಲ್ಲೊಗೆ ಉತ್ತರ ಬರೆದಳು. ಗಡಿಯಾರದ ಪಕ್ಕದಲ್ಲಿ ತನ್ನ ಫೋನು ಹಿಡಿದು, ಕಂಡಕ್ಟರೊಬ್ಬನ ಫೋನಿನಲ್ಲಿ ಫೋಟೋ ತೆಗೆಸಿ, ಎರಡರ ನಡುವಿನ ಮೂರು ನಿಮಿಷ ತೋರಿಸಿದಳು. "ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುವುದು ನಿಜ. ಅವುಗಳನ್ನು ಹೊರಡಿಸುವವರು ನನ್ನ ತಂದೆ," ಎಂದು ಸೇರಿಸಿದಳು. ಆಮೇಲೆ ಏರಿಸುವ ಸಾಲನ್ನು ಟೈಪಿಸಿ, ಬೆರಳನ್ನು ಎಂಟರಿನ ಮೇಲಿಟ್ಟು ತಿರುಗಿ ನೋಡಿದಳು.

ಅಹ್ಮದ್ ಬಾವ ಬೆಂಚಿಗೆ ಎರಡೇಟು ಬಡಿದರು. "ರೈಟ್!"

"ಪೋಯಿ!" ಎಂದು ಇಡೀ ಗುಂಪು ಕೂಗಿತು.

ಹಸಿರು ಪಟ್ಟಿ ತುಂಬಿತು. ಪೋಯಿ, ಆವೃತ್ತಿ 0.1.1. ಹಳೆಯ 0.1.0 ಅದರ ಕೆಳಗೆ ಹಾಗೆಯೇ ಉಳಿಯಿತು. "ತಪ್ಪಿದ ಸಾಲಿಗೆ ಗೀಟು ಹಾಕಬಾರದು, ಕೆಳಗೆ ಇನ್ನೊಂದು ಬರೀಬೇಕು. ನಮ್ಮಲ್ಲೂ ಅದೇ ಕ್ರಮ," ಎಂದು ಲೋಕಯ್ಯ ಮೆಚ್ಚಿಕೊಂಡರು.

ಎರಡನೆಯ ಚಹಾ ಮುಗಿಯುವ ಮೊದಲೇ ಓಕೆಲ್ಲೊನ ಉತ್ತರ ಬಂತು. ದೀಕ್ಷಿತಾ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಓದಿದಳು. "ಹೊಸ ಆವೃತ್ತಿಯನ್ನು ಓಡಿಸಿ ನೋಡಿದೆ. ನಾನು ಈವರೆಗೆ ಕಂಡ ದಾಖಲೆಗಳಲ್ಲಿ ಇಷ್ಟು ಶುದ್ಧವಾದದ್ದು ಇನ್ನೊಂದಿಲ್ಲ. ಕೇಳುವ ಮೊದಲೇ ಸುಳ್ಳು ಎಂದದ್ದು ನನ್ನ ತಪ್ಪು. ಲೋಕಯ್ಯ ಅವರಲ್ಲಿ ನಾನು ಕ್ಷಮೆ ಕೇಳಿದೆ ಎಂದು ಹೇಳಿ. ನಾಳೆ ಬೆಳಿಗ್ಗೆ ಮೊದಲ ಕೆಲಸವಾಗಿ ನಮ್ಮ ಸ್ಟ್ಯಾಂಡಿನ ಗಡಿಯಾರವನ್ನು ನೋಡಿ ಬರುತ್ತೇನೆ."

ಲೋಕಯ್ಯ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

"ಇದು ಎಷ್ಟು ಗಂಟೆಗೆ ಹೊರಟಿತು?" ಎಂದು ಕೊನೆಗೆ ಕೇಳಿದರು.

"ನಾಲ್ಕೂ ಹದಿನಾಲ್ಕು ಅಪ್ಪ. ಫೋನಿನ ಟೈಮು."

ಅವರು ಪುಸ್ತಕದ ಕೊನೆಯ ಹಾಳೆ ತೆರೆದು, ಬೆಳಗಿನ ಸಾಲಿನ ಕೆಳಗೆ ನಿಧಾನವಾಗಿ ಬರೆದರು. ಪೋಯಿ. ಎರಡನೇ ಟ್ರಿಪ್. 4.17. ಬರೆದು ಪೆನ್ನನ್ನು ಕಿವಿಗೆ ಸಿಕ್ಕಿಸಲು ಹೋದವರು ತಡೆದರು. ಆಮೇಲೆ ಅದೇ ಸಾಲಿನ ಮುಂದೆ ಉದ್ದಕ್ಕೆ ಒಂದು ಗೆರೆ ಎಳೆದು, ಮೂವತ್ತೊಂದು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಎಂದೂ ಇರದಿದ್ದ ಇನ್ನೊಂದು ಮನೆ ಮಾಡಿದರು. ಅದರೊಳಗೆ ಬರೆದರು: ಹೊರಗಿನ ಟೈಮ್ 4.14.

"ಇದೆಂತಕ್ಕೆ ಲೋಕಯ್ಯ?" ಎಂದು ಅಹ್ಮದ್ ಬಾವ ಕೇಳಿದರು. "ನಮಗೆಲ್ಲ ಗೊತ್ತುಂಟಲ್ಲ."

"ನಮಗೆ ಗೊತ್ತುಂಟು," ಎಂದರು ಲೋಕಯ್ಯ. "ಓಕೆಲ್ಲೊ ಓದ್ತಾನೆ."